ಎಂಟು ಬೆಂಚು ಕಡಿಮೆ

ನಮ್ಮ ಹೈಸ್ಕೂಲಿನ ಅರ್ಥಶಾಸ್ತ್ರದ ಮೇಷ್ಟ್ರನ್ನು ಮಕ್ಕಳು ಬೆನ್ನ ಹಿಂದೆ 'ಅಂದರೆ ಮೇಷ್ಟ್ರು' ಎಂದು ಕರೆಯುತ್ತಿದ್ದರು. ಅವರು ಯಾವ ಮಾತನ್ನೂ ಒಂದೇ ಸಲಕ್ಕೆ ಹೇಳಿ ಮುಗಿಸಿದವರಲ್ಲ. ಬೇಡಿಕೆ ಅಂದರೆ ಬೇಕು ಅನ್ನುವುದು, ಅಂದರೆ ಬರೀ ಬೇಕು ಅಂದರೆ ಸಾಲದು, ಅಂದರೆ ಕೊಳ್ಳುವ ಶಕ್ತಿಯೂ ಇರಬೇಕು, ಅಂದರೆ... ಹೀಗೆ ಸಾಗುತ್ತಿತ್ತು ಅವರ ಪಾಠ. ಮೂರನೆಯ 'ಅಂದರೆ' ಹೊತ್ತಿಗೆ ಮುಂದಿನ ಬೆಂಚು ಆಕಳಿಸುತ್ತಿತ್ತು, ಐದನೆಯದರ ಹೊತ್ತಿಗೆ ಹಿಂದಿನ ಬೆಂಚು ನಿದ್ದೆಗೆ ಜಾರಿರುತ್ತಿತ್ತು. ಇದು ನನಗೆ ಹೇಗೆ ಗೊತ್ತು ಎಂದರೆ, ನಾನು ಅದೇ ಶಾಲೆಯ ವ್ಯಾಯಾಮದ ಮೇಷ್ಟ್ರು. ಅವರ ತರಗತಿಯ ಕಿಟಕಿ ನನ್ನ ಮೈದಾನಕ್ಕೆ, ಅದರಾಚೆಯ ಬೀದಿಗೆ ತೆರೆದುಕೊಳ್ಳುತ್ತದೆ. ನನಗೆ ತಿಳಿದ ಶಾಸ್ತ್ರವೆಲ್ಲ ಒಂದು ಸೀಟಿಯೊಳಗೆ ಹಿಡಿಸುತ್ತದೆ. ಆದರೂ ಅವರ ಜೀವನದ ಅತಿ ದೊಡ್ಡ ಪಾಠಕ್ಕೆ ನಾನೇ ಸಾಕ್ಷಿ, ಅದರಲ್ಲಿ ನನ್ನ ತೋಳಿನ ಪಾಲೂ ಇದೆ. ಅದಕ್ಕೇ ಈ ಕಥೆಯನ್ನು ಬೇರೆಯವರು ಹೇಳಿದರೆ ನನಗೆ ಸಮಾಧಾನವಾಗುವುದಿಲ್ಲ.

ಒಂದು ಸೋಮವಾರ ನಮ್ಮ ಮುಖ್ಯೋಪಾಧ್ಯಾಯಿನಿ ಎಲ್ಲರನ್ನೂ ಸೇರಿಸಿ ಶಿಕ್ಷಣ ಕಚೇರಿಯ ಸುತ್ತೋಲೆಯೊಂದನ್ನು ಓದಿದರು. ಪಾಠದ ಮೊದಲ ಐದು ನಿಮಿಷದಲ್ಲಿ ಮಕ್ಕಳ ಮನಸ್ಸನ್ನು ಹಿಡಿಯದ ಶಿಕ್ಷಕ ಉಳಿದ ನಲವತ್ತು ನಿಮಿಷ ಗೋಡೆಗೆ ಪಾಠ ಮಾಡುತ್ತಾನೆ ಎಂದು ಅದರಲ್ಲಿ ಬರೆದಿತ್ತು. ಗುರುವಾರ ಒಬ್ಬ ಅಧಿಕಾರಿ ಬರುತ್ತಾರೆ, ಒಬ್ಬ ಶಿಕ್ಷಕರ ಮೊದಲ ಐದು ನಿಮಿಷವನ್ನು ನೋಡುತ್ತಾರೆ, ವರದಿ ಬರೆಯುತ್ತಾರೆ. ಕೊನೆಯಲ್ಲಿ ಇನ್ನೊಂದು ಸಾಲು. ಮಕ್ಕಳಿಗೆ ರುಚಿಸದ ವಿಷಯಗಳನ್ನು ಮುಂದಿನ ವರ್ಷದಿಂದ ಕೈಬಿಟ್ಟು ಆ ಜಾಗದಲ್ಲಿ ಟೈಪಿಂಗ್ ಕಲಿಸಲಾಗುವುದು. ಕೈಬಿಡಬಹುದಾದ ವಿಷಯಗಳ ಪಟ್ಟಿಯಲ್ಲಿ ಮೊದಲನೆಯದೇ ಅರ್ಥಶಾಸ್ತ್ರ.

ಯಾರು ಮುಂದೆ ಬರುತ್ತೀರಿ ಎಂದು ಅವರು ಕೇಳಿದ ಕೂಡಲೇ ಇಡೀ ಕೋಣೆ ತನ್ನ ತನ್ನ ಚಪ್ಪಲಿಯನ್ನು ಅಧ್ಯಯನ ಮಾಡತೊಡಗಿತು. ಅದೇ ಗಳಿಗೆಯಲ್ಲಿ ಮೈದಾನದ ಧೂಳು ಒಳಗೆ ನುಗ್ಗಿತು. ಕಿಟಕಿ ಮುಚ್ಚಿಸಬಹುದೇ ಎಂದು ಕೇಳಲು ನಮ್ಮ ಮೇಷ್ಟ್ರು ಕೈ ಎತ್ತಿದರು. ಅವರ ಬಾಯಿಂದ ಕಿಟಕಿ ಹೊರಬರುವ ಮುಂಚೆಯೇ ಮುಖ್ಯೋಪಾಧ್ಯಾಯಿನಿ ಹೆಸರು ಬರೆದುಕೊಂಡಾಗಿತ್ತು. ಆಗಲೂ ಕಾಲ ಮಿಂಚಿರಲಿಲ್ಲ, ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಪಕ್ಕದಲ್ಲಿದ್ದ ವಿಜ್ಞಾನದ ಮೇಡಂ ಒಂದು ಸಣ್ಣ ನಗೆ ನಕ್ಕರು. ಆಕೆ ಪಾಠ ಶುರುಮಾಡುವುದೇ ಯಾವುದನ್ನಾದರೂ ಸಿಡಿಸಿ. ಆ ನಗೆ ನಮ್ಮ ಮೇಷ್ಟ್ರ ಎದೆಗೆ ನಾಟಿತು. ಅವರು ಎದ್ದು ನಿಂತು, ಗುರುವಾರ ತಮ್ಮ ಪಾಠದ ಆರಂಭ ಹೇಗಿರುತ್ತದೆಂದರೆ ಊರೇ ಅದರ ಬಗ್ಗೆ ಮಾತಾಡಿಕೊಳ್ಳಬೇಕು, ಹಾಗಿರುತ್ತದೆ ಎಂದು ಘೋಷಿಸಿ ಕೂತರು. ಕೂತ ಮೇಲೆ ನನ್ನ ಕಿವಿಯಲ್ಲಿ ಕೇಳಿದರು, "ನಾನೀಗ ಏನಂದೆ?"

ಮುಂದಿನ ಎರಡು ದಿನ ಅವರ ಮನೆಯಲ್ಲಿ ನಡೆದದ್ದನ್ನು ಅವರ ಮನೆಯವರೇ ನನಗೆ ಆಮೇಲೆ ಹೇಳಿದರು. ಆಕೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವವರು, ಯಾವ ಗದ್ದಲಕ್ಕೂ ಜಗ್ಗದ ಹೆಂಗಸು. ಸೋಮವಾರ ಸಂಜೆ ಮೇಷ್ಟ್ರು ಕಥೆಯಿಂದ ಪಾಠ ಶುರುಮಾಡುವ ಪ್ರಯೋಗ ಮಾಡಿದರು. ಒಂದಾನೊಂದು ಕಾಲದಲ್ಲಿ ಒಂದು ಬೇಡಿಕೆ ಇತ್ತು, ಅದಕ್ಕೆ ಒಬ್ಬ ಪೂರೈಕೆ ಅನ್ನುವ ತಮ್ಮನಿದ್ದ ಎಂದರು. ಆಮೇಲೆ ಏನಾಯಿತು ಎಂದು ಹೆಂಡತಿ ಕೇಳಿದರು. ಮೇಷ್ಟ್ರು ಬಹಳ ಹೊತ್ತು ಯೋಚಿಸಿ, ಆಮೇಲೆ ಅವರಿಬ್ಬರೂ ಒಂದು ಬಿಂದುವಿನಲ್ಲಿ ಸಂಧಿಸಿದರು ಎಂದರು. ಆಕೆ ಎದ್ದುಹೋಗಿ ಬಟ್ಟೆ ಮಡಿಸತೊಡಗಿದರು.

ಮಂಗಳವಾರ ಹಣದುಬ್ಬರವನ್ನು ಕಣ್ಣಿಗೆ ಕಾಣಿಸಬೇಕೆಂದು ಒಂದು ಬಲೂನು ತಂದು ಅಡುಗೆಮನೆಯಲ್ಲಿ ನಿಂತು ಊದಿದರು. ಉಬ್ಬರ ಅಂದಮೇಲೆ ಉಬ್ಬಲೇಬೇಕು, ಎಲ್ಲಿಯವರೆಗೆ ಉಬ್ಬಬೇಕು ಎಂಬುದನ್ನು ಅವರು ಯೋಚಿಸಿರಲಿಲ್ಲ. ಸದ್ದಿಗೆ ಮೇಲಿನ ಮನೆಯವರು ಗ್ಯಾಸ್ ಸಿಲಿಂಡರ್ ಸಿಡಿಯಿತೆಂದು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬೀದಿಗಿಳಿದರು. ಏನಾಯಿತೆಂದು ಅವರು ಕೇಳಿದರೆ, ತುಟಿ ಊದಿಸಿಕೊಂಡಿದ್ದ ಮೇಷ್ಟ್ರು ಬಾಗಿಲಲ್ಲಿ ನಿಂತು, ಬೆಲೆಗಳು ಏರಿದವು ಎಂದರಂತೆ. ಮೇಲಿನ ಮನೆಯವರು ಆ ಇಡೀ ಸಂಜೆ ಕೆಳಗೆ ಕಿವಿಗೊಟ್ಟು ಕೂತಿದ್ದರು.

ಬುಧವಾರ ಬೆಳಿಗ್ಗೆ ಗಂಡನ ಮುಖ ನೋಡಲಾರದೆ ಅಂಚೆಯವರೇ ಒಂದು ದಾರಿ ತೋರಿಸಿದರು.

"ನೋಡಿ, ನಮ್ಮ ಕೌಂಟರಿನಲ್ಲಿ ಐದು ಪೆನ್ನು ಇಟ್ಟ ದಿನ ಯಾರೂ ಕಣ್ಣೆತ್ತಿ ನೋಡಲ್ಲ. ನಾಲ್ಕು ಕಳೆದುಹೋಗಿ ಒಂದೇ ಉಳಿದ ದಿನ ಜೇಬಲ್ಲಿ ಪೆನ್ನಿರೋರೂ ಅದಕ್ಕೇ ಲೈನ್ ನಿಲ್ತಾರೆ. ಮಕ್ಕಳಿಗೆ ಏನಾದರೂ ಹೇಳೋ ಬದಲು ಏನಾದರೂ ಇಲ್ಲದ ಹಾಗೆ ಮಾಡಿ."

ಮೇಷ್ಟ್ರು ಅರ್ಧ ಕುಡಿದ ಟೀ ಬಿಟ್ಟು ಶಾಲೆಗೆ ಓಡಿ ಬಂದರು. ಅವರ ತರಗತಿಯಲ್ಲಿ ಮೂವತ್ತಾರು ಮಕ್ಕಳು, ಹನ್ನೆರಡು ಬೆಂಚು, ಬೆಂಚಿಗೆ ಮೂವರು. ಅದರಲ್ಲಿ ಎಂಟು ಬೆಂಚನ್ನು ಮಾಯ ಮಾಡುವುದು. ಗುರುವಾರ ಬೆಳಿಗ್ಗೆ ಮಕ್ಕಳು ಒಳಗೆ ಬರುತ್ತಾರೆ, ಹನ್ನೆರಡು ಜನಕ್ಕೆ ಜಾಗ, ಇಪ್ಪತ್ತನಾಲ್ಕು ಜನ ನಿಂತಿರುತ್ತಾರೆ, ನೂಕಾಟ ಶುರುವಾಗುತ್ತದೆ. ಆಗ ಇವರು ಅಧಿಕಾರಿಯ ಕಡೆ ಒಮ್ಮೆ ನೋಡಿ, "ಇದೇ ಕೊರತೆ" ಎಂದು ಎರಡೇ ಶಬ್ದ ಹೇಳುತ್ತಾರೆ. ಎರಡೇ ಶಬ್ದದಲ್ಲಿ ಅವರು ನಿಲ್ಲಿಸಬಲ್ಲರೆಂದು ನನಗೆ ನಂಬಿಕೆ ಬರಲಿಲ್ಲ. ಆದರೆ ಉಪಾಯ ಚೆನ್ನಾಗಿತ್ತು.

ಸಂಜೆ ಶಾಲೆ ಬಿಟ್ಟ ಮೇಲೆ ಬೆಂಚು ಎತ್ತಲು ನನ್ನನ್ನು ಕರೆದರು. ವ್ಯಾಯಾಮದ ಮೇಷ್ಟ್ರ ಪಾಂಡಿತ್ಯ ಜನಕ್ಕೆ ಇಂಥ ಹೊತ್ತಿನಲ್ಲೇ ನೆನಪಾಗುವುದು. ನಾನು ಮತ್ತು ನಮ್ಮ ಶಾಲೆಯ ಹಳೆಯ ಜವಾನ ಸೇರಿ ಎಂಟು ಬೆಂಚನ್ನು ಅಂಗಳಕ್ಕೆ ತಂದ ಮೇಲೆ ಗೊತ್ತಾಯಿತು, ಸಾಮಾನು ಕೋಣೆಯ ಬೀಗದ ಕೈ ಮುಖ್ಯೋಪಾಧ್ಯಾಯಿನಿಯ ಕೈಚೀಲದಲ್ಲಿದೆ, ಕೈಚೀಲ ಮನೆಗೆ ಹೋಗಿದೆ. ಎದುರು ಬೀದಿಯಲ್ಲಿ ಬಡಗಿಯ ಕೊಟ್ಟಿಗೆಯಿತ್ತು. ಒಂದು ರಾತ್ರಿಯ ಮಟ್ಟಿಗೆ ಅಲ್ಲೇ ಇಡೋಣವೆಂದು ಹೊತ್ತುಕೊಂಡು ಹೋದೆವು. ಬಡಗಿ ಉಳಿ ಕೆಳಗಿಟ್ಟು, ರಿಪೇರಿಗೋ ಮಾರಾಟಕ್ಕೋ ಎಂದು ಕೇಳಿದ. ಗುಟ್ಟು ಕಾಪಾಡುವುದೆಂದರೆ ಮೇಷ್ಟ್ರಿಗೆ ಹೊಸ ಅನುಭವ. ಅವರು ದನಿ ತಗ್ಗಿಸಿ, ಈಗ ಏನೂ ಹೇಳುವ ಹಾಗಿಲ್ಲ, ನಾಳೆ ಬೆಳಿಗ್ಗೆ ಎಲ್ಲರಿಗೂ ಗೊತ್ತಾಗುತ್ತದೆ ಎಂದರು. ಇದಕ್ಕಿಂತ ಹೆಚ್ಚು ಹೇಳುವ ಅಗತ್ಯವೂ ಇರಲಿಲ್ಲ. ಬಡಗಿಯ ಮುಖದಲ್ಲಿ ನಾಳೆ ಬೆಳಿಗ್ಗೆಯ ಚಿತ್ರ ಆಗಲೇ ಮೂಡಿತ್ತು.

ಜವಾನನಿಂದಲೂ ಮೇಷ್ಟ್ರು ಭಾಷೆ ತೆಗೆದುಕೊಂಡರು. ಅವನು ಮಾತಿಗೆ ತಪ್ಪುವವನಲ್ಲ. ತನ್ನ ಅತ್ತಿಗೆಯೊಬ್ಬಳಿಗೆ ಬಿಟ್ಟು ಇನ್ನು ಯಾರಿಗೂ ಹೇಳಲಿಲ್ಲ. ಅವನು ಹೇಳಿದ್ದೂ ಇಷ್ಟೇ, ನಾಳೆಯಿಂದ ಆ ಕ್ಲಾಸಿನಲ್ಲಿ ಹನ್ನೆರಡು ಮಕ್ಕಳಿಗೆ ಮಾತ್ರ ಜಾಗ. ಆ ಅತ್ತಿಗೆ ಬಟ್ಟೆ ಇಸ್ತ್ರಿ ಮಾಡುವ ಅಂಗಡಿ ನಡೆಸುತ್ತಾಳೆ. ಸುತ್ತ ನಾಲ್ಕು ಬೀದಿಯ ಬಟ್ಟೆ ಅವಳ ಮೇಜಿನ ಮೇಲೆಯೇ ಹಾದುಹೋಗುವುದು. ಅಂದು ಸಂಜೆ ಪ್ರತಿ ಮನೆಗೂ ಬಟ್ಟೆಯ ಗಂಟಿನೊಂದಿಗೆ ಸುದ್ದಿಯೂ ಬಿಸಿಬಿಸಿಯಾಗಿ ಹೋಯಿತು.

ಗುರುವಾರ ಬೆಳಿಗ್ಗೆ ಏಳೂವರೆಗೆ ನಾನು ಮೈದಾನಕ್ಕೆಂದು ಬಂದರೆ ಗೇಟಿನಿಂದ ಬೀದಿಯ ತಿರುವಿನವರೆಗೆ ಜನ. ಬರಿಗೈಯವರು ಒಬ್ಬರೂ ಇಲ್ಲ. ಮಡಿಸುವ ಕುರ್ಚಿ, ಪ್ಲಾಸ್ಟಿಕ್ ಕುರ್ಚಿ, ಬೆತ್ತದ ಕುರ್ಚಿ, ಒಬ್ಬ ಅಜ್ಜಿಯ ಕೈಯಲ್ಲಿ ಬಚ್ಚಲುಮನೆಯ ಸ್ಟೂಲು, ಅವಳಿ ಮಕ್ಕಳ ಅಪ್ಪನೊಬ್ಬ ಒಬ್ಬನೇ ಎಳೆದು ತಂದಿದ್ದ ಸೋಫಾ. ಎಲ್ಲರಿಗಿಂತ ಮುಂದೆ ಕ್ಷೌರದಂಗಡಿಯವನು, ತನ್ನ ಗಿರಗಿರ ತಿರುಗುವ ಕುರ್ಚಿಯ ಪಕ್ಕದಲ್ಲಿ. ತಮ್ಮ ಮಗು ಆ ಹನ್ನೆರಡರಲ್ಲಿ ಸೇರದೆ ಹೋದರೆ ಎಂಬ ಭಯಕ್ಕೆ ಪ್ರತಿಯೊಬ್ಬರೂ ಆಸನವನ್ನೇ ಹೊತ್ತು ತಂದಿದ್ದರು. ನೂಕಾಟ ತಪ್ಪಿಸಲು ನಾನು ಸೀಟಿ ಊದಿದೆ. ಸಾಲಿನಲ್ಲಿ ಅರ್ಧದಷ್ಟು ಜನ ನನ್ನ ಹಳೆಯ ವಿದ್ಯಾರ್ಥಿಗಳು. ತಾವು ಅಪ್ಪ ಅಮ್ಮಂದಿರಾಗಿರುವುದನ್ನೇ ಮರೆತು ಎದೆ ಸೆಟೆಸಿ ಒಂದೇ ಗೆರೆಯಲ್ಲಿ ನಿಂತರು. ಸುಳ್ಳೇಕೆ, ನನಗೆ ಹೆಮ್ಮೆಯಾಯಿತು.

ಎದುರಿಗೆ ಬಡಗಿ ತನ್ನ ಅಂಗಡಿಯಲ್ಲಿದ್ದ ಸ್ಟೂಲುಗಳನ್ನೆಲ್ಲ ಹೊರಗೆ ಜೋಡಿಸಿ, ಬೆಲೆಯನ್ನು ಸೀಮೆಸುಣ್ಣದಲ್ಲಿ ಒಂದು ಹಲಗೆಯ ಮೇಲೆ ಬರೆದಿಟ್ಟಿದ್ದ. ಸಾಲು ಉದ್ದವಾದ ಹಾಗೆಲ್ಲ ಅದನ್ನು ಅಂಗೈಯಲ್ಲಿ ಒರೆಸಿ ಹೊಸದಾಗಿ ಬರೆಯುತ್ತಿದ್ದ. ಸಾಲದ್ದಕ್ಕೆ ನಿಂತು ನಿಂತು ಕಾಲು ಸೋತವರಿಗೆ ಕೂರಲು ಸಾಲಿನುದ್ದಕ್ಕೂ ಬೆಂಚು ಹಾಕಿ ಬಾಡಿಗೆ ಪಡೆಯುತ್ತಿದ್ದ. ಎಂಟು ಬೆಂಚು. ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಹತ್ತಿರ ಹೋದರೆ, ಹಿಂದಿನ ಸಂಜೆ ನಾನೇ ಹೊತ್ತು ಇಟ್ಟು ಬಂದವು.

ಎಂಟೂಕಾಲಿಗೆ ನಮ್ಮ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಸಾಲನ್ನು ನೋಡಿ ನಿಂತರು. ಅವರ ಮುಖ ನಿಧಾನವಾಗಿ ಅರಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಮ್ಮ ಪಾಠ ನೋಡಲು ಇಷ್ಟು ಜನ ಬಂದಿದ್ದಾರೆಂದು ಅವರು ತಿಳಿದರು. ಅವರವರ ಕುರ್ಚಿಯನ್ನು ಅವರವರೇ ತಂದಿದ್ದಾರಲ್ಲ, ಎಂಥ ಶಿಸ್ತು ಎಂದು ನನಗೆ ಹೇಳಿ, ಮದುಮಗನ ಹಾಗೆ ಸಾಲಿನುದ್ದಕ್ಕೂ ತಲೆಬಾಗುತ್ತಾ ನಡೆದರು. ಕ್ಷೌರದಂಗಡಿಯವನು ಅವರ ತೋಳು ಹಿಡಿದು ನಿಲ್ಲಿಸಿದ.

"ಸಾರ್, ಒಳಗೆ ಹನ್ನೆರಡು ಜನಕ್ಕೇ ಜಾಗ ಅಂತಾರಲ್ಲ, ನಿಜಾನಾ?"

"ಹನ್ನೆರಡೇ. ಒಂದೂ ಜಾಸ್ತಿ ಇಲ್ಲ," ಎಂದರು ಮೇಷ್ಟ್ರು ಅಭಿಮಾನದಿಂದ. "ಅದರಲ್ಲೇ ಇರೋದು ಇವತ್ತಿನ ಸ್ವಾರಸ್ಯ."

ಅಲ್ಲಿಯವರೆಗೆ ಅದು ಗಾಳಿಮಾತಾಗಿತ್ತು. ಈಗ ಖುದ್ದು ಮೇಷ್ಟ್ರ ಬಾಯಿಂದಲೇ ಬಂತು. ಸಾಲು ಒಮ್ಮೆ ನಡುಗಿ, ಎರಡು ಹೆಜ್ಜೆ ಮುಂದೊತ್ತಿತು. ಬಡಗಿ ಹಲಗೆ ಒರೆಸಿದ.

ಆ ಹೊತ್ತಿಗೆ ಮುಖ್ಯೋಪಾಧ್ಯಾಯಿನಿ ಬಂದರು. ನಾನು ಎರಡು ಮಾತಿನಲ್ಲಿ ವಿಷಯ ತಿಳಿಸಿದೆ. ಆಕೆ ಮೆಟ್ಟಿಲ ಮೇಲೆ ನಿಂತು, ನಮ್ಮ ಶಾಲೆಯಲ್ಲಿ ಬೆಂಚಿಗೆ ಯಾವ ಕೊರತೆಯೂ ಇಲ್ಲ, ಯಾರೂ ಗಾಬರಿಯಾಗಬಾರದು ಎಂದು ಸಾರಿದರು. ಇದುವರೆಗೆ ಗಾಬರಿಯಾಗದೆ ಸುಮ್ಮನೆ ನೋಡಲು ಬಂದಿದ್ದವರು ಕೂಡಲೇ ಗಾಬರಿಯಾದರು. ಇಲ್ಲ ಅಂತ ಹೇಳೋಕೆ ಹೆಡ್ಮೇಡಮ್ಮೇ ಮೆಟ್ಟಿಲು ಹತ್ತಿದ್ರು ಅಂದ್ರೆ ಇದೆ ಅಂತಲೇ ಅರ್ಥ ಎಂದು ಅಜ್ಜಿ ಪಕ್ಕದವರಿಗೆ ಬಿಡಿಸಿ ಹೇಳಿದಳು. ಇಬ್ಬರು ಮನೆಗೆ ಎರಡನೆಯ ಕುರ್ಚಿ ತರಲು ಓಡಿದರು.

ಆಗ ಮೇಷ್ಟ್ರಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಅವರು ಕ್ಷೌರದಂಗಡಿಯವನಿಗೆ ಇದು ಬರೀ ಪಾಠದ ಆರಂಭ ಎಂದು ವಿವರಿಸಲು ಹೋದರು. ಆರಂಭವೇ ಹೀಗಾದರೆ ಪರೀಕ್ಷೆಯ ಹೊತ್ತಿಗೆ ಏನು ಗತಿ ಎಂದು ಅವನು ಕುರ್ಚಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಮುಖ್ಯೋಪಾಧ್ಯಾಯಿನಿ ಮೇಷ್ಟ್ರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು, "ಅಧಿಕಾರಿ ಒಂಬತ್ತಕ್ಕೆ ಬರ್ತಾರೆ. ಇದನ್ನ ನೋಡಿದ್ರೆ ಅರ್ಥಶಾಸ್ತ್ರ ಒಂದೇ ಅಲ್ಲ, ನಾನೂ ನೀವೂ ಸೇರಿ ಟೈಪಿಂಗ್ ಕಲೀಬೇಕಾಗುತ್ತೆ."

ಇದೇ ಹೊತ್ತಿಗೆ ಸಾಲನ್ನು ಸೀಳಿಕೊಂಡು ಅಂಚೆಯವರು ಬಂದರು. ಅವರ ತಲೆಯ ಮೇಲೆ ಮೇಷ್ಟ್ರ ಮನೆಯ ಊಟದ ಕುರ್ಚಿ. ಸುದ್ದಿ ನಾಲ್ಕು ಬೀದಿ ದಾಟಿ ಅಂಚೆ ಕಚೇರಿ ಮುಟ್ಟುವಷ್ಟರಲ್ಲಿ ಶಿಕ್ಷಕರ ಕುರ್ಚಿಗಳನ್ನೂ ಕಿತ್ತುಕೊಂಡಿದ್ದಾರೆ ಎಂದಾಗಿತ್ತು. ಕೌಂಟರಿನ ಮೇಲೆ 'ಈಗ ಬರುತ್ತೇನೆ' ಎಂಬ ಚೀಟಿ ಇಟ್ಟು ಆಕೆ ಮನೆಗೆ ಓಡಿದ್ದರು.

"ಇಡೀ ದಿನ ನಿಂತುಕೊಂಡು ಪಾಠ ಮಾಡಿದ್ರೆ ನಿಮ್ಮ ಮಂಡಿ ಏನಾಗಬೇಕು?" ಎಂದು ಕುರ್ಚಿ ಕೆಳಗಿಳಿಸಿದರು.

ಮೇಷ್ಟ್ರು ಕುರ್ಚಿಯನ್ನು ಕೈಗೆ ತೆಗೆದುಕೊಂಡರು. ಅವರ ಕಣ್ಣು ತುಂಬಿದ್ದು ಸಂಕಟಕ್ಕೋ ಹೆಂಡತಿಯ ಮೇಲಿನ ಪ್ರೀತಿಗೋ ನನಗೆ ಗೊತ್ತಾಗಲಿಲ್ಲ, ಬಹುಶಃ ಸರಿಯಾಗಿ ಅರ್ಧರ್ಧ.

ಗೇಟು ತೆರೆದದ್ದೇ ತಡ, ಆಸನಗಳೆಲ್ಲ ತರಗತಿಗೆ ನುಗ್ಗಿದವು. ಅಪ್ಪ ಅಮ್ಮಂದಿರು ತಂದದ್ದನ್ನು ಒಳಗಿಟ್ಟು, ಅದರ ಮೇಲೆ ಮಗುವನ್ನು ಕೂರಿಸಿ, ಹೊರಗೆ ಬಂದು ಕಾವಲು ನಿಂತರು. ಇನ್ನೂ ಬರುವವರು ಬರುತ್ತಲೇ ಇದ್ದರು. ಕೊರತೆ ತೋರಿಸಬೇಕಾಗಿದ್ದ ಕೋಣೆಯಲ್ಲಿ ಈಗ ಕಾಲಿಡಲು ಜಾಗವಿರಲಿಲ್ಲ. ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು, ಉಳಿದರ್ಧಕ್ಕೆ ಸೋಫಾ ಅಡ್ಡವಾಗಿತ್ತು. ಕಪ್ಪುಹಲಗೆಗೆ ಹೋಗಬೇಕಾದರೆ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಹೆಜ್ಜೆಯಿಡಬೇಕಿತ್ತು.

ಒಂಬತ್ತಾಯಿತು, ಅಧಿಕಾರಿ ಕಾಣಲಿಲ್ಲ. ಒಂಬತ್ತೂಕಾಲಿಗೆ ನಡುವಯಸ್ಸಿನ ಒಬ್ಬ ಹೆಂಗಸು, ಕಂದುಬಣ್ಣದ ಚೀಲ ಹಿಡಿದು, ಅರ್ಧ ಬಾಗಿಲಲ್ಲಿ ಓರೆಯಾಗಿ ಒಳಗೆ ಬಂದರು. ಎಂಟೂವರೆಯಿಂದ ಸಾಲಿನಲ್ಲಿದ್ದೆ ಎಂದರು. ತಾನು ಅಧಿಕಾರಿ ಎಂದು ಹೇಳಿದ್ದಕ್ಕೆ ಹಿಂದಿದ್ದವರೊಬ್ಬರು, ನಾನು ಡಾಕ್ಟರು, ನಾನೂ ಲೈನಲ್ಲೇ ಇದೀನಿ, ಸುಮ್ಮನೆ ನಿಲ್ಲಿ ಎಂದರಂತೆ. ಕಾಲು ನೋವಿಗೆ ಬಾಡಿಗೆ ಕೊಟ್ಟು ಸ್ವಲ್ಪ ಹೊತ್ತು ಬೆಂಚಿನ ಮೇಲೂ ಕೂತಿದ್ದರು. ಮುಖ್ಯೋಪಾಧ್ಯಾಯಿನಿ ಬಾಗಿಲ ಹೊರಗೆ ಗೋಡೆಗೆ ಒರಗಿದರು. ಕ್ಷೌರದಂಗಡಿಯವನ ಮಗ ಎದ್ದು ತನ್ನ ಕುರ್ಚಿಯನ್ನು ಅಧಿಕಾರಿಗೆ ಬಿಟ್ಟುಕೊಟ್ಟ. ಆಕೆ ಕೂತು, ಕಾಗದ ತೆಗೆದು, ಗಡಿಯಾರ ನೋಡಿದರು. ಬರೆಯಲು ಒತ್ತಿದಾಗಲೆಲ್ಲ ಕುರ್ಚಿ ಅವರನ್ನು ಮೆಲ್ಲಗೆ ಕಿಟಕಿಯ ಕಡೆ ತಿರುಗಿಸುತ್ತಿತ್ತು.

ಮೇಷ್ಟ್ರು ನಿಂತರು. ಎರಡು ಶಬ್ದ ಸಿದ್ಧವಾಗಿದ್ದವು, ಆದರೆ ಆ ಎರಡು ಶಬ್ದಕ್ಕೆ ಬೇಕಾದ ಕೊರತೆ ಇರಲಿಲ್ಲ. ಒಂದು ನಿಮಿಷ ಹೋಯಿತು. ನಾನು ಕಿಟಕಿಯ ಹೊರಗೆ ನಿಂತು ನನ್ನ ಗಡಿಯಾರ ನೋಡುತ್ತಿದ್ದೆ. ನನ್ನ ಪಕ್ಕದಲ್ಲಿ ಅಂಚೆಯವರು ಸೆರಗಿನ ತುದಿಯನ್ನು ಹಿಂಡುತ್ತಿದ್ದರು. ಎರಡನೆಯ ನಿಮಿಷ ಹೋಯಿತು.

ಕಿಟಕಿಯ ಪಕ್ಕದ ಸ್ಟೂಲಿನಿಂದ ಒಬ್ಬ ಹುಡುಗಿ ಎದ್ದಳು. ಅವಳನ್ನು ಎಲ್ಲರೂ 'ಕಿಟಕಿ' ಎಂದೇ ಕರೆಯುತ್ತಿದ್ದರು. ವರ್ಷವಿಡೀ ಅವಳು ಹೊರಗೆ ನೋಡುತ್ತಾ ಕೂತಿದ್ದೇ ಹೆಚ್ಚು. ಅವಳ ಪ್ರಗತಿಪತ್ರದಲ್ಲಿ ನಮ್ಮ ಮೇಷ್ಟ್ರು ಎರಡು ಸಲ 'ಗಮನ ಹೊರಗಿದೆ' ಎಂದು ಬರೆದಿದ್ದರು.

"ಸಾರ್, ಒಂದು ಕೇಳ್ಲಾ? ಇಲ್ಲಿ ಕುರ್ಚಿ ಮೇಲೆ ಕುರ್ಚಿ ಬಿದ್ದಿದೆ. ಹೊರಗೆ ನೋಡಿದ್ರೆ ಬಡಗಿ ಇನ್ನೂ ಸ್ಟೂಲಿನ ಬೆಲೆ ಏರಿಸ್ತಾನೇ ಇದಾನೆ. ಬೆಳಿಗ್ಗೆಯಿಂದ ಏಳನೇ ಸಲ ಒರೆಸಿದ. ಯಾಕೆ ಸಾರ್?"

ಮೇಷ್ಟ್ರು ಬಾಯಿ ತೆರೆದರು. ಈಗ 'ಅಂದರೆ' ಬರುತ್ತದೆ ಎಂದು ಇಡೀ ತರಗತಿ ಕುರ್ಚಿಗೆ ಒರಗಿತು.

"ಗೊತ್ತಿಲ್ಲ," ಎಂದರು ಮೇಷ್ಟ್ರು.

ಒರಗಿದವರು ನೆಟ್ಟಗಾದರು. ಇಷ್ಟು ವರ್ಷಗಳಲ್ಲಿ ಅವರು ಒಂದೇ ಮಾತಿನಲ್ಲಿ ಉತ್ತರ ಕೊಟ್ಟದ್ದು ಅದೇ ಮೊದಲು.

"ನೀನು ಹೇಳಿದ್ದು ನಾನು ನೋಡಿರಲಿಲ್ಲ," ಎಂದು ಮುಂದುವರಿಸಿದರು. "ಹೋಗಿ ಕೇಳೋಣ. ಇಬ್ಬಿಬ್ಬರು ಹೋಗಿ. ನಿಮಗೆ ಯಾರು ಹೇಳಿದ್ರು, ಕುರ್ಚಿ ಯಾಕೆ ತಂದ್ರಿ, ಎಷ್ಟು ಬೇಕಿತ್ತು, ಎಷ್ಟು ತಂದ್ರಿ. ಅಷ್ಟು ಕೇಳ್ಕೊಂಡು ಬನ್ನಿ."

ಮಕ್ಕಳು ಕುರ್ಚಿಗಳ ಮೇಲೆ ನೆಗೆದು, ಸೋಫಾ ಹತ್ತಿ ಇಳಿದು ಹೊರಗೆ ಓಡಿದರು. ನಾನು ಸೀಟಿ ಹಿಡಿದು ಹಿಂದೆ ಹೋದೆ. ಆ ತರಗತಿಯ ಮಕ್ಕಳು ಪುಸ್ತಕ ಹಿಡಿದು ಅಷ್ಟು ವೇಗವಾಗಿ ಓಡಿದ್ದನ್ನು ನಾನು ನನ್ನ ಮೈದಾನದಲ್ಲೂ ಕಂಡಿರಲಿಲ್ಲ. ಅಪ್ಪ ಅಮ್ಮಂದಿರು ಮೊದಲು ಮುಜುಗರಪಟ್ಟರು. ತಮ್ಮದೇ ಮಕ್ಕಳು ಪೆನ್ಸಿಲ್ ಹಿಡಿದು, ನಿಮಗೆ ಎಷ್ಟು ಕುರ್ಚಿ ಬೇಕಿತ್ತು ಎಂದು ಕೇಳಿದರೆ ಯಾರಿಗೆ ತಾನೇ ಮುಜುಗರವಾಗದು? ಅವಳಿ ಮಕ್ಕಳ ಅಪ್ಪ ಸೋಫಾದ ವಿಷಯ ಬಂದಾಗ ಕೆಮ್ಮಿದ.

ಹತ್ತು ನಿಮಿಷದಲ್ಲಿ ಎಲ್ಲರೂ ವಾಪಸು ಬಂದರು. ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬರೆಯುತ್ತಾ ಹೋದರು. ಯಾಕೆ ತಂದಿರಿ ಎಂಬುದಕ್ಕೆ ಹೆಚ್ಚುಕಡಿಮೆ ಎಲ್ಲರ ಉತ್ತರವೂ ಒಂದೇ, ಪಕ್ಕದ ಮನೆಯವರು ತಂದರು, ಅದಕ್ಕೆ. ಕ್ಷೌರದಂಗಡಿಯವನದು ಮಾತ್ರ ಬೇರೆ. ನನ್ನ ಗಿರಾಕಿಗಳೆಲ್ಲ ಈ ಸಾಲಿನಲ್ಲೇ ಇದ್ದರು, ಕುರ್ಚಿ ಅಂಗಡಿಯಲ್ಲಿ ಸುಮ್ಮನೆ ಬಿದ್ದಿತ್ತು, ತಂದುಬಿಟ್ಟೆ ಎಂದಿದ್ದ. ತರಗತಿ ನಕ್ಕಿತು, ಅಧಿಕಾರಿಯೂ ಕಿಟಕಿಯ ಕಡೆ ತಿರುಗುತ್ತಾ ನಕ್ಕರು.

ಯಾರು ಹೇಳಿದರು ಎಂಬ ಪ್ರಶ್ನೆಗೆ ಬಾಣದ ಗುರುತು ಹಾಕುತ್ತಾ ಹೋದರು. ಮನೆಗಳಿಂದ ಬಾಣಗಳೆಲ್ಲ ಇಸ್ತ್ರಿ ಅಂಗಡಿಗೆ ಬಂದು ಕೂಡಿದವು. ಅಲ್ಲಿಂದ ಒಂದು ಬಾಣ ಜವಾನನ ಕಡೆಗೆ. ಅವನು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದವನು ಮೆಲ್ಲಗೆ ಹಿಂದೆ ಸರಿದ. ಜವಾನನಿಗೆ ಹೇಳಿದ್ದು ಯಾರು ಎಂಬುದೊಂದು ಉಳಿಯಿತು. ಮಕ್ಕಳಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಅಲ್ಲಿಗೇ ನಿಲ್ಲಿಸಿದ್ದರೆ ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ. ಅಧಿಕಾರಿ ಪೆನ್ನು ಹಿಡಿದು ನೋಡುತ್ತಿದ್ದರು. ಮೇಷ್ಟ್ರು ಒಂದು ಕ್ಷಣ ತಡೆದು ಇನ್ನೊಂದು ಬಾಣ ಎಳೆದರು. ಅದರ ತುದಿಯಲ್ಲಿ ದೊಡ್ಡ ಅಕ್ಷರದಲ್ಲಿ 'ನಾನು' ಎಂದು ಬರೆದರು. ಕೊರತೆ ಅಂದರೇನು ಎಂದು ನಿಮಗೆ ತೋರಿಸಲು ಎಂಟು ಬೆಂಚು ತೆಗೆಸಿದವನು ನಾನೇ ಎಂದು ಹೇಳಿ, ಸೀಮೆಸುಣ್ಣ ಕೆಳಗಿಟ್ಟರು.

ತರಗತಿ ನಿಶ್ಶಬ್ದವಾಯಿತು. ಅದು ನಿದ್ದೆಯ ನಿಶ್ಶಬ್ದವಲ್ಲ, ಎರಡಕ್ಕೂ ಇರುವ ವ್ಯತ್ಯಾಸ ಹೊರಗಿದ್ದ ನನಗೂ ತಿಳಿಯಿತು.

ಕಿಟಕಿ ಹುಡುಗಿ ಮತ್ತೆ ಎದ್ದಳು. "ಒಳಗೆ ಎಷ್ಟು ಕುರ್ಚಿ ಇದೆ ಅಂತ ಹೊರಗಿರೋರಿಗೆ ಗೊತ್ತಿಲ್ಲ ಸಾರ್. ಅವರ ತಲೇಲಿ ಇನ್ನೂ ಹನ್ನೆರಡೇ ಇದೆ. ಅದಕ್ಕೇ ಬೆಲೆ ಏರ್ತಿದೆ."

"ಬೆಂಚು ಇದೆ ಅಂತ ಹೆಡ್ಮೇಡಂ ಹೇಳಿದ್ರಲ್ಲ," ಎಂದರು ಮೇಷ್ಟ್ರು.

"ಅವರು ಇದೆ ಅಂದ್ರು, ಎಷ್ಟಿದೆ ಅನ್ನಲಿಲ್ಲ."

ಮೇಷ್ಟ್ರು ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟರು. ಎಲ್ಲರೂ ಸೇರಿ ಎಣಿಸಿದರು. ಅವಳು ಹಳೆಯ ನಕಾಶೆಯ ಹಿಂಬದಿಯಲ್ಲಿ ದಪ್ಪಗೆ ಬರೆದು ಕಿಟಕಿಯ ಸರಳಿಗೆ ಕಟ್ಟಿದಳು. ಮಕ್ಕಳು ಮೂವತ್ತಾರು. ಕೂರುವ ಜಾಗ ಐವತ್ತಮೂರು.

ಬೀದಿ ಅದನ್ನು ಓದಿತು. ಅಜ್ಜಿ ಬೆರಳು ಮಡಿಸಿ ಲೆಕ್ಕ ಹಾಕಿದಳು. ತಮ್ಮದೇ ಮಕ್ಕಳು ಎಣಿಸಿ ಬರೆದದ್ದನ್ನು ಸುಳ್ಳೆನ್ನಲು ಯಾರಿಗೂ ಬಾಯಿ ಬರಲಿಲ್ಲ. ಹೊಸ ಕುರ್ಚಿ ಹೊತ್ತು ಬರುತ್ತಿದ್ದವನೊಬ್ಬ ನಡುರಸ್ತೆಯಲ್ಲಿ ನಿಂತು, ಅದನ್ನು ಕೆಳಗಿಟ್ಟು, ಅದರ ಮೇಲೆ ತಾನೇ ಕೂತ. ಬಡಗಿ ಹಲಗೆ ಒರೆಸಿದ. ಈ ಸಲ ಬರೆದದ್ದು ಕಡಿಮೆ. ಮತ್ತೆ ಒರೆಸಿದ, ಇನ್ನೂ ಕಡಿಮೆ. ಇಡೀ ತರಗತಿ ಕಿಟಕಿಗೆ ಮುಗಿಬಿದ್ದು, ಓಟದ ಪಂದ್ಯ ನೋಡುವವರ ಹಾಗೆ ಬೆಲೆ ಇಳಿಯುವುದನ್ನು ನೋಡುತ್ತಿತ್ತು. ಕೊನೆಗೆ ಅವನು 'ಎರಡು ಕೊಂಡರೆ ಒಂದು ಉಚಿತ' ಎಂದು ಬರೆದು, ತಾನೂ ಒಂದು ಸ್ಟೂಲಿನ ಮೇಲೆ ಕೂತು ಕಿಟಕಿಯನ್ನೇ ದುರುಗುಟ್ಟಿ ನೋಡಿದ. ಬಾಡಿಗೆಯ ಬೆಂಚಿನಲ್ಲಿದ್ದವರು ಒಬ್ಬೊಬ್ಬರಾಗಿ ಎದ್ದು ಮನೆಗೆ ನಡೆದರು. ನಾನು ಸೀಟಿ ಊದಿದೆ. ಮಕ್ಕಳು ಎಂಟು ಬೆಂಚನ್ನೂ ಹೆಗಲ ಮೇಲೆ ಹೊತ್ತು ಶಾಲೆಗೆ ತಂದರು.

ಇಷ್ಟು ಹೊತ್ತೂ ಅಂಚೆಯವರು ಕಿಟಕಿ ಬಿಟ್ಟು ಕದಲಿರಲಿಲ್ಲ. ಪಕ್ಕದಲ್ಲಿ ಯಾರು ಬಂದು ನಿಂತರೂ ಒಳಗೆ ಬೆರಳು ತೋರಿಸಿ, ಅವರು ನಮ್ಮನೆಯವರು ಎನ್ನುತ್ತಿದ್ದರು. ನನಗೇ ಎರಡು ಸಲ ಹೇಳಿದರು.

ಅಧಿಕಾರಿ ತಿರುಗುವ ಕುರ್ಚಿಯಿಂದ ಎದ್ದಾಗ ಹನ್ನೊಂದು ದಾಟಿತ್ತು. ಮುಖ್ಯೋಪಾಧ್ಯಾಯಿನಿ ಕ್ಷಮೆ ಕೇಳಲು ಬಾಯಿ ತೆರೆದರೆ, ಆಕೆ ಕೈಯಲ್ಲೇ ತಡೆದು ಮೇಷ್ಟ್ರ ಕಡೆ ತಿರುಗಿದರು.

"ನಾನು ಐದು ನಿಮಿಷ ನೋಡೋಕೆ ಬಂದವಳು. ನಿಮ್ಮ ಪಾಠದ ಆರಂಭದಲ್ಲಿ ನಾನೂ ಮುಕ್ಕಾಲು ಗಂಟೆ ಲೈನ್ ನಿಂತೆ, ಬಾಡಿಗೆ ಕೊಟ್ಟೆ. ಬೇರೆ ಎಲ್ಲಾದರೂ ಆಗಿದ್ರೆ ಸಿಟ್ಟು ಬರ್ತಿತ್ತು. ಆ ಹುಡುಗಿ ಪ್ರಶ್ನೆಗೆ ಗೊತ್ತಿಲ್ಲ ಅಂದ್ರಲ್ಲ, ಅದನ್ನ ವರದೀಲಿ ಬರೀತೀನಿ. ಬೆಂಚು ಮಾತ್ರ ಇನ್ನೊಂದು ಸಲ ಹೊರಗೆ ಕಳಿಸಬೇಡಿ."

ವರದಿಯ ಪ್ರತಿ ಆಮೇಲೆ ಶಾಲೆಗೆ ಬಂತು. 'ಪಾಠದ ಆರಂಭಕ್ಕೆ ತೆಗೆದುಕೊಂಡ ಸಮಯ' ಎಂಬಲ್ಲಿ, ಬೆಳಗಿನ ಏಳೂವರೆಯ ಸಾಲಿನಿಂದ ಲೆಕ್ಕ ಹಿಡಿದು, ಮೂರು ಗಂಟೆ ನಲವತ್ತು ನಿಮಿಷ ಎಂದಿತ್ತು. 'ಮಕ್ಕಳ ಗಮನ ಎಲ್ಲಿತ್ತು' ಎಂಬಲ್ಲಿ, ಹೊರಗೆ, ಇರಬೇಕಾದಲ್ಲೇ ಇತ್ತು ಎಂದಿತ್ತು. ಅರ್ಥಶಾಸ್ತ್ರ ಪಟ್ಟಿಯಿಂದ ಹೊರಬಂತು. ಮುಖ್ಯೋಪಾಧ್ಯಾಯಿನಿ ಅದನ್ನು ಗಟ್ಟಿಯಾಗಿ ಓದಿದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ವಿಜ್ಞಾನದ ಮೇಡಂ. ನಮ್ಮ ಮೇಷ್ಟ್ರು ಮಾತ್ರ ಅಂದೇ ಪ್ರಗತಿಪತ್ರದ ಕಟ್ಟು ಬಿಚ್ಚಿ, ಒಂದು ಪತ್ರ ಹುಡುಕಿ, ಅದರಲ್ಲಿ ಎರಡು ಕಡೆ ತಾವು ಬರೆದದ್ದನ್ನು ಹೊಡೆದುಹಾಕಿ ಸಹಿ ಮಾಡಿದರು.

ಆದರೆ ನಾನು ಹೇಳಬೇಕೆಂದುಕೊಂಡದ್ದು ವರದಿ ಬರುವ ಮುಂಚಿನ ಮಾತು, ಆ ಗುರುವಾರದ ಮರುದಿನದ್ದು. ಮೊದಲ ಗಂಟೆ ಹೊಡೆದು ಬಹಳ ಹೊತ್ತಾಗಿತ್ತು. ಮೈದಾನದಿಂದ ನೋಡಿದರೆ ಮೇಷ್ಟ್ರು ಇನ್ನೂ ತಮ್ಮ ತರಗತಿಯ ಬಾಗಿಲ ಹೊರಗೇ ನಿಂತಿದ್ದಾರೆ. ಮೈ ಸರಿಯಿಲ್ಲವೇನೋ ಎಂದು ಹತ್ತಿರ ಹೋದೆ. ಒಳಗೆ ಹನ್ನೆರಡು ಬೆಂಚೂ ತಮ್ಮ ತಮ್ಮ ಜಾಗದಲ್ಲಿದ್ದವು. ಕಿಟಕಿ ಹುಡುಗಿ ಕಪ್ಪುಹಲಗೆಯ ಹತ್ತಿರ ನಿಂತಿದ್ದಳು. ಬಡಗಿಯ ಬಳಿ ಉಳಿದುಹೋದ ಸ್ಟೂಲುಗಳನ್ನೆಲ್ಲ ಬೆಳಿಗ್ಗೆ ಟೀ ಅಂಗಡಿಯವನು ಒಟ್ಟಿಗೆ ಕೊಂಡುಕೊಂಡನಂತೆ. ಅವನು ನಿನ್ನೆಯೇ ಯಾಕೆ ಕೊಳ್ಳಲಿಲ್ಲ ಎಂದು ಇಡೀ ತರಗತಿ ಜಗಳವಾಡುತ್ತಿತ್ತು. ಹಿಂದಿನ ಬೆಂಚಿನವನೊಬ್ಬ ಬೆಂಚಿನ ಮೇಲೆ ನಿಂತು ವಾದಿಸುತ್ತಿದ್ದ. ಕ್ಷೌರದಂಗಡಿಯವನ ಮಗ ಅದಕ್ಕೆ ಒಪ್ಪದೆ ಕಪ್ಪುಹಲಗೆಯ ಕಡೆ ನುಗ್ಗುತ್ತಿದ್ದ.

ಒಳಗೆ ಹೋಗೋದಿಲ್ವಾ ಎಂದು ನಾನು ಕೇಳಿದೆ.

ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟರು. "ಮೆತ್ತಗೆ ಮಾತಾಡಿ. ಪಾಠ ನಡೀತಾ ಇದೆ."